ಚಿಪ್ಪುಹಂದಿಯ ಮೇಲೆ ನಾನು ಹೊರಿಸಿದ ಸುಳ್ಳು

ಓದು ಬರಹ ಬರದಿದ್ದರೇನು, ಮಳವಳ್ಳಿಯಿಂದ ಮಂಡ್ಯದವರೆಗೆ ನನ್ನಷ್ಟು ಕಾಡುಪ್ರಾಣಿ ಕಂಡ ಗಾಡಿಯವನು ಇನ್ನೊಬ್ಬನಿರಲಿಲ್ಲ. ಮುತ್ತತ್ತಿಯ ನೀರುನಾಯಿಗಳು ನನ್ನ ಕೂಗಿಗೆ ಹೆದರಿ, ಹೊಳೆ ಬಿಟ್ಟು ಮರ ಹತ್ತಿದ್ದೂ ಉಂಟು. ಯುದ್ಧದ ಕಾಲದಲ್ಲಿ ಒಂದು ಮಧ್ಯಾಹ್ನ, ಮದ್ದೂರಿನ ಕುಲುಮೆಯಲ್ಲಿ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಸುತ್ತಾ, ಅಲ್ಲಿದ್ದವರ ಮುಂದೆ ಚಿಪ್ಪುಹಂದಿಯ ಕಥೆ ಶುರು ಮಾಡಿದೆ.

"ಮೈತುಂಬಾ ಚಿಪ್ಪು ಕಣ್ರಲಾ! ಗೋರಿ ಬಗೆದು ಹೆಣ ಎಳ್ಕಂಡು ತಿಂತದೆ. ವೈದ್ಯನಾಥಪುರದ ತಾವ ನಾನೇ ನೋಡಿವ್ನಿ."

ತಿದಿ ಒತ್ತುತ್ತಿದ್ದ ಆಚಾರಿಯ ಕೈ ನಿಂತಿತು. "ಎಷ್ಟು ಆಳಕ್ಕೆ ಬಗೀತದಣ್ಣ?"

"ಆಳುದ್ದ!" ಅಂದೆ, ಹುಮ್ಮಸ್ಸಿನಲ್ಲಿ.

ಕೆಂಪಗೆ ಕಾದಿದ್ದ ಪಟ್ಟಿಯನ್ನು ಬೆಂಕಿಯಲ್ಲೇ ಬಿಟ್ಟು ಅವನು ಎದ್ದು ಓಡಿದ. ಪಕ್ಕದಲ್ಲಿದ್ದ ಮುದುಕಿ ನನ್ನನ್ನು ದುರುಗುಟ್ಟಿ ನೋಡಿ, "ಅವನ ಕೂಸ್ನ ಮಣ್ಣು ಮಾಡಿ ಮೂರು ದಿನ ಆಗಿಲ್ಲ. ನಿನ್ ಬಾಯಿ ಸೇದೋಗ!" ಅಂದಳು.

ಹಿಂದೆಯೇ ಓಡಿದೆ. ಹಳ್ಳದ ಪಕ್ಕ, ಪುಟ್ಟ ಮಣ್ಣಿನ ಗುಡ್ಡೆಯ ಮೇಲೆ ಅವನು ಕಲ್ಲು ಪೇರಿಸುತ್ತಿದ್ದ. ನಾಚಿಕೆಯಿಂದ ಅವನ ಪಕ್ಕ ಕುಕ್ಕರಿಸಿದೆ.

"ನಾನ್ ಹೇಳಿದ್ದು ಸುಳ್ಳು ಕಣಪ್ಪ. ಅದು ಇರುವೆ, ಗೆದ್ದಲು ಬುಟ್ಟು ಇನ್ನೇನೂ ತಿನ್ನಕಿಲ್ಲ. ಅದುಕ್ಕೆ ಹಲ್ಲೇ ಇಲ್ಲ."

ಅವನು ತಲೆ ಎತ್ತಲಿಲ್ಲ. "ಹಲ್ಲಿಲ್ದಿರೋ ಮೃಗ ಎಲ್ಲದೆ ಅಣ್ಣ? ನನ್ನ ಸಮಾಧಾನಕ್ಕೆ ಇನ್ನೊಂದು ಕತೆ ಕಟ್ಬೇಡ. ಕಲ್ಲು ತಕಬಾ."

ಹೊತ್ತು ಇಳಿಯುವವರೆಗೂ ತಲೆ ತಗ್ಗಿಸಿಕೊಂಡು ಕಲ್ಲು ಹೊತ್ತೆ. ನಾನು ಹೇಳಿದ ಪ್ರಾಣಿಗಳ ಕಥೆಗಳಲ್ಲಿ ಪೂರ್ತಿ ನಿಜವಾದದ್ದು ಆ ಹಲ್ಲಿಲ್ಲದ ಚಿಪ್ಪುಹಂದಿಯದೊಂದೇ. ಮರ ಹತ್ತಿದ ನೀರುನಾಯಿಯನ್ನು ನಂಬುವವರು ಇವತ್ತಿಗೂ ಸಿಗುತ್ತಾರೆ, ಇದನ್ನು ನಂಬುವವರು ಸಿಕ್ಕಿಲ್ಲ.