ಅಕ್ಕನ ರೇಜರಿನ ಮಂಜೂರಾತಿ

ವಾಚಕ ಮಹಾಶಯರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಚಳ್ಳಕೆರೆಯ ತಾಲ್ಲೂಕು ಕಚೇರಿಯಲ್ಲಿ ಆಯುಷ್ಯವೆಲ್ಲ ಪರರ ಕಾಗದಗಳಿಗೆ ನಕಲು ತೆಗೆದವನು. ಸ್ವಂತದ್ದೆಂದು ಬರೆಯಲು ಕುಳಿತದ್ದು ಇದೇ ಮೊದಲು. ಒಕ್ಕಣೆಯಲ್ಲಿ ಕಚೇರಿಯ ವಾಸನೆ ಹೊಡೆದರೆ ದಯವಿಟ್ಟು ಮನ್ನಿಸತಕ್ಕದ್ದು.

ವಾಸನೆ ಎಂದೆನಲ್ಲ, ವಿಷಯವೂ ಅಲ್ಲಿಂದಲೇ ಆರಂಭ. ಅಕ್ಕ ತೀರಿಕೊಂಡು ವರ್ಷವಾಯಿತು. ಹೋದ ವಾರ ಅವಳ ಮರದ ಪೆಟ್ಟಿಗೆ ಮೊಳಕಾಲ್ಮೂರಿನಿಂದ ನನ್ನ ಮನೆಗೆ ಬಂತು. ಮುಚ್ಚಳ ತೆಗೆದೊಡನೆ ಗಂಧದ ಚಕ್ಕೆಯ ಪರಿಮಳ, ಅದರ ಬೆನ್ನಿಗೇ ಹಳೆಯ ರೇಷ್ಮೆಯ ಮುಗ್ಗಲು. ತಳದಲ್ಲಿ ಅಂಗೈಯಗಲದ ಒಂದು ರೇಷ್ಮೆ ಪಟ್ಟೆಯ ಚೂರು. ಅದರೊಳಗೆ ನನ್ನ ಸೇಫ್ಟಿ ರೇಜರು. ನನ್ನದೆಂದು ಬರೆದದ್ದು ತಪ್ಪು. ಅಕ್ಕನ ರೇಜರು ಎಂದು ತಿದ್ದಿ ಓದಿಕೊಳ್ಳಬೇಕು.

ಸದರಿ ರೇಜರನ್ನು ಕೊಂಡದ್ದು ಮಾತ್ರ ನಾನೇ. ಜರ್ಮನಿಯ ಯುದ್ಧ ಮುಗಿದ ಹೊಸತು. ನನಗೆ ಕೆಲಸ ಸಿಕ್ಕಿದ್ದೂ ಹೊಸತು. ಬಳ್ಳಾರಿಯ ದಂಡಿನ ಅಂಗಡಿಯವನು, "ಕಣ್ಣು ಮುಚ್ಚಿಕೊಂಡು ಎಳೆದರೂ ಕೊಯ್ಯೋದಿಲ್ಲ ಸ್ವಾಮಿ" ಎಂದು ಆಣೆಯಿಟ್ಟು ಹೇಳಿದ್ದ. ನಾನು ಕಣ್ಣು ತೆರೆದುಕೊಂಡೇ ಎಳೆದೆ. ಗದ್ದಕ್ಕೆ ಅರಿಸಿನ ಮೆತ್ತಿಕೊಂಡು ಮೊಳಕಾಲ್ಮೂರಿನ ದೊಡ್ಡಪ್ಪನ ಮನೆಗೆ ಹೋಗಿ ಇಳಿದೆ.

ಅಕ್ಕ ಇದ್ದದ್ದು ಆ ಮನೆಯಲ್ಲಿ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡವಳು. ವಿಧವೆಯ ತಲೆ ಬೋಳಿಸುವ ಪದ್ಧತಿ ನಮ್ಮವರಲ್ಲಿ ಆಗಿನ್ನೂ ಬಿಗಿಯಾಗಿತ್ತು. ಅದು ಒಂದು ದಿನದ ದುಃಖವಾಗಿದ್ದರೆ ಹೇಗೋ ನುಂಗಬಹುದಿತ್ತು. ಕೂದಲು ಬೆಳೆಯುವುದನ್ನು ಬಿಡುವುದಿಲ್ಲವಲ್ಲ. ಹದಿನೈದು ದಿನಕ್ಕೊಮ್ಮೆ ಕ್ಷೌರದ ಓಬಣ್ಣ ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಅಕ್ಕ ಬಾವಿಯ ಬಳಿಯ ಕಲ್ಲಿನ ಮೇಲೆ ಕುಳಿತು ಪರಗಂಡಸಿನ ಕೈಗೆ ತಲೆ ಬಗ್ಗಿಸುತ್ತಿದ್ದಳು. ಆ ಹೊತ್ತಿಗೆ ಮನೆಯವರಾದ ನಾವು ಇಲ್ಲದ ಕೆಲಸಗಳನ್ನು ಹುಡುಕಿಕೊಂಡು ಮುಖ ತಿರುಗಿಸುತ್ತಿದ್ದೆವು. ನಾನೂ ಅವರಲ್ಲಿ ಒಬ್ಬನೆಂದು ಒಪ್ಪಿಕೊಳ್ಳುತ್ತೇನೆ.

ನನ್ನ ಗದ್ದ ನೋಡಿ ಅಕ್ಕ ನಕ್ಕಳು. "ಬೆಕ್ಕು ಪರಚಿತೇನೋ?" ಎಂದಳು. ರೇಜರು ತೋರಿಸಿದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಅವಳ ನಗು ನಿಂತಿತು.

"ಇದನ್ನ ಇನ್ನೊಬ್ಬರು ಹಿಡೀಬೇಕಾಗಿಲ್ವೇನೋ?"

"ಇಲ್ಲ. ನಮ್ಮ ಕೈಲೇ ಆಗುತ್ತೆ."

"ಕಣ್ಣಿಗೆ ಕಾಣದ ಕಡೆಗೂ? ಹಿಂದಲೆಗೂ?"

ಆಗ ನನಗೆ ಅರ್ಥವಾಯಿತು. ರೇಜರನ್ನು ಅವಳ ಕೈಯಲ್ಲೇ ಬಿಟ್ಟೆ.

ದೊಡ್ಡಪ್ಪನ ಒಪ್ಪಿಗೆಯಿಲ್ಲದೆ ಆ ಮನೆಯಲ್ಲಿ ಕಾಗೆಯೂ ಪಿಂಡ ಮುಟ್ಟುತ್ತಿರಲಿಲ್ಲ. ಎದುರು ನಿಂತು ಕೇಳುವ ಧೈರ್ಯ ನನಗಿರಲಿಲ್ಲ. ಆದಕಾರಣ ಚಳ್ಳಕೆರೆಗೆ ಮರಳಿ, ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ: ಅರ್ಜಿ ಬರೆದೆ. "ಶ್ರೀಮತ್ ದೊಡ್ಡಪ್ಪನವರ ಸನ್ನಿಧಾನಕ್ಕೆ" ಎಂದು ಮೊದಲು ಮಾಡಿ, ಮಡಿಗೆ ಭಂಗವಿಲ್ಲ, ಊರೆಲ್ಲ ಮುಟ್ಟಿದ ಕತ್ತಿಗಿಂತ ಶುದ್ಧ ಇತ್ಯಾದಿ ಏಳು ಕಾರಣಗಳನ್ನು ಕ್ರಮವಾಗಿ ನಿವೇದಿಸಿ, ಕೊನೆಗೆ ಮರೆತು ಕಚೇರಿಯ ಮೊಹರನ್ನೂ ಒತ್ತಿಬಿಟ್ಟಿದ್ದೆ. ಉತ್ತರ ಬರಲಿಲ್ಲ. ಮುಂದಿನ ಸಲ ಹೋದಾಗ ಅಕ್ಕ ನಗುನಗುತ್ತ, "ಆಯ್ತು ಕಣೋ, ಎಲ್ಲ ನಿನ್ನ ಅರ್ಜಿಯಿಂದಲೇ" ಎಂದಳು. ತಕರಾರು ಬಾರದ ಕಾಗದ ಮಂಜೂರಾದ ಹಾಗೆಂದು ನಾನು ತೀರ್ಮಾನಿಸಿಕೊಂಡೆ.

ಅಲ್ಲಿಂದ ಮುಂದೆ ಅಕ್ಕ ಬಚ್ಚಲಮನೆಯ ಕದ ಹಾಕಿಕೊಂಡು ತನ್ನ ತಲೆಯನ್ನು ತಾನೇ ನೋಡಿಕೊಂಡಳು. ಬ್ಲೇಡು ಬಳ್ಳಾರಿಯಿಂದ ಬರಬೇಕು. ಒಂದೊಂದನ್ನೂ ತಿಂಗಳುಗಟ್ಟಲೆ ಮಸೆದು ಬಳಸಬೇಕು. ಮಸೆಯುವ ಪಟ್ಟಿಯಾದರೋ ತೊಗಲಿನದು. ಮಡಿಯ ಹೆಂಗಸು ಮುಟ್ಟುವಂತಿಲ್ಲ. ಪಕ್ಕದ ಮನೆಯ ನೇಕಾರಗಿತ್ತಿ ಅದಕ್ಕೂ ದಾರಿ ಹುಡುಕಿದಳು. "ಪಟ್ಟುಕಿ ಮೈಲಿಗೆ ಲೇದಮ್ಮಾ, ತೀಸ್ಕೋ" ಎಂದು, ರೇಷ್ಮೆಗೆ ಮೈಲಿಗೆಯಿಲ್ಲ ತಗೋ ಎಂಬುದನ್ನು ಅರ್ಧ ತೆಲುಗಿನಲ್ಲಿ ಹೇಳಿ, ಮಗ್ಗದಲ್ಲಿ ಉಳಿದ ಪಟ್ಟೆಯ ಚೂರೊಂದನ್ನು ಗೋಡೆಯ ಮೇಲಿಂದ ಕೊಟ್ಟಳಂತೆ. ಅಕ್ಕ ಅದನ್ನು ಮಣೆಗೆ ಬಿಗಿದು ಬ್ಲೇಡು ಮಸೆಯುತ್ತಿದ್ದಳು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಆ ಚೂರೇ. ಅದರ ಮೈತುಂಬ ಕೂದಲೆಳೆಯಂಥ ಗೀರುಗಳು.

ಈ ಉಪಕಾರ ನನ್ನಿಂದಾಯಿತೆಂಬ ಹೆಮ್ಮೆಯನ್ನು ಇಷ್ಟು ವರ್ಷ ಒಳಗೊಳಗೇ ಸಾಕಿಕೊಂಡಿದ್ದೆ. ಆದರೆ ರೇಜರಿನ ಕೆಳಗೆ ಇನ್ನೊಂದು ವಸ್ತುವಿತ್ತು: ನನ್ನ ಅರ್ಜಿ. ನಾಲ್ಕು ತುಂಡಾಗಿ ಹರಿದದ್ದು. ಅಕ್ಕ ಗಂಜಿ ಹಚ್ಚಿ ಜೋಡಿಸಿಟ್ಟದ್ದು. ದೊಡ್ಡಪ್ಪ ಅದನ್ನು ಹರಿದು ಎಸೆದಿದ್ದರು. ಹಾಗಾದರೆ ಮಂಜೂರು ಮಾಡಿದವರು ಯಾರು?

ಆ ಕಾಲದವರಲ್ಲಿ ಉಳಿದಿರುವವನು ಓಬಣ್ಣನೊಬ್ಬನೇ. ಮಾರನೆಯ ದಿನವೇ ರೇಜರನ್ನೂ ಪಟ್ಟೆಯ ಚೂರನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಅವನಿಗೆ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ಬಿಳಿಯ ಗಡ್ಡ ಎದೆಗಿಳಿದಿತ್ತು. ದನಿಯಿಂದಲೇ ಗುರುತು ಹಿಡಿದ.

"ಅರ್ಜಿ ಬುದ್ಧ್ಯೋರಾ? ಬರ್ರಿ, ಕುಂತ್ಕಳ್ರಿ."

ಮಂಜೂರು ಮಾಡಿದವರು ಯಾರೆಂದು ಕೇಳಿದೆ. ಅವನು ಬಹಳ ಹೊತ್ತು ನಕ್ಕ.

"ನಿಮ್ ಕಾಗ್ದ ಹರಿದಾಕಿ ದೊಡ್ಡ ಬುದ್ಧ್ಯೋರು ನನ್ನೇ ಕರೆಸಿದ್ರು. 'ಲೇ ಓಬ, ಒಂದು ಸಲಾನೂ ತಪ್ಪಿಸಬ್ಯಾಡ' ಅಂದ್ರು. ನಾನು ತಪ್ಪಿಸ್ಲಿಲ್ಲ ಬುದ್ಧಿ. ಹದಿನೈದು ದಿನಕ್ಕೊಂದು ಸಲ ಹೋದೆ. ಬಾವಿ ತಾವ ಅತ್ಲಾಗೆ ಮುಖ ಮಾಡ್ಕಂಡು ಕುಂತು, ತೊಗಲ ಪಟ್ಟಿ ಮ್ಯಾಲೆ ನನ್ ಕತ್ತಿ ಮಸೀತಿದ್ದೆ, ಪಟಪಟಾ ಅಂತ. ಒಳಗೆ ಬಚ್ಚಲಾಗೆ ಅಮ್ಮಾರು ಅವರ ಪಾಡಿಗೆ ಮುಗಿಸ್ಕಳೋರು. ದೊಡ್ಡ ಬುದ್ಧ್ಯೋರು ಜಗಲಿ ಮ್ಯಾಲಿಂದ, 'ಎಷ್ಟು ಮಸೀತೀಯೋ, ಮರ ಕಡೀತೀಯಾ?' ಅಂತ ಕೂಗೋರು."

"ಸಿಕ್ಕಿಬಿದ್ದಿದ್ದರೆ ಆ ಬೀದಿಯಲ್ಲಿ ಒಂದು ಮನೆಯೂ ನಿನ್ನನ್ನು ಕರೆಯುತ್ತಿರಲಿಲ್ಲವಲ್ಲ, ಓಬಣ್ಣ. ಯಾಕೆ ಮಾಡಿದೆ?"

ಅವನು ಗಡ್ಡ ನೀವಿಕೊಂಡ. "ನಿಮ್ ಭಾವನೋರಿಗೆ ಮದುವೆ ದಿನ ಕ್ಷೌರ ಮಾಡಿದ್ದು ಈ ಕೈಯೇ. ಅದೇ ಕತ್ತೀಲಿ ವರ್ಷೊಪ್ಪತ್ತಿನಾಗೆ ಅಮ್ಮಾರ ಜಡೆ ತೆಗೆದೆ. ಕತ್ತಿಗೆ ನಾಚ್ಕೆ ಇಲ್ಲ ಬುದ್ಧಿ, ನಂಗೈತೆ."

ಏಳು ಕಾರಣ ಬರೆದವನಿಗೆ ಈ ಎಂಟನೆಯದು ಹೊಳೆದಿರಲಿಲ್ಲ. ಅಕ್ಕ ಅದನ್ನು ನನಗೆ ಹೇಳಲೂ ಇಲ್ಲ. ನನ್ನ ಮನಸ್ಸು ನೋಯಬಾರದೆಂದು ಹರಿದ ಕಾಗದವನ್ನು ಅಂಟಿಸಿ ಬಚ್ಚಿಟ್ಟುಕೊಂಡಳು. ಒಬ್ಬನ ಸದ್ದಿನ ಮರೆಯಲ್ಲಿ ತನ್ನ ತಲೆಯನ್ನೂ, ಇನ್ನೊಬ್ಬನ ಹೆಮ್ಮೆಯನ್ನೂ ಏಕಕಾಲಕ್ಕೆ ಕಾಪಾಡಿದ ಅವಳಿಗೆ ಯಾವ ಒಕ್ಕಣೆಯಲ್ಲಿ ವಂದನೆ ಬರೆಯಬೇಕೋ ತಿಳಿಯದು.

"ನಿನ್ನ ಗಡ್ಡ ಯಾರು ತೆಗೆಯುತ್ತಾರೆ, ಓಬಣ್ಣ?" ಎಂದೆ.

"ಕೈ ನಡುಗ್ತೈತೆ. ಇನ್ನೊಬ್ರ ಮುಂದೆ ಕುಂತ್ಕಳಾಕೆ ಮನಸ್ಸು ಬರಲ್ಲ. ಈಗ ಗೊತ್ತಾತು, ಅಮ್ಮಾರಿಗೆ ಹ್ಯಾಂಗಾಗಿರಬೇಕು ಅಂತ."

"ನನ್ನ ಮುಂದೆ?"

ಅವನು ನನ್ನ ಕಡೆಗೆ ಮುಖ ಎತ್ತಿದ. ನಾನು ಅವನೆದುರು ನೆಲದ ಮೇಲೆ ಕುಳಿತು, ಅಕ್ಕನ ಬ್ಲೇಡನ್ನು ಪಟ್ಟೆಯ ಚೂರಿನ ಮೇಲೆ ಹತ್ತಾರು ಸಲ ಎಳೆದೆ. ಓಬಣ್ಣ ಕಿವಿಗೊಟ್ಟು ಕಾದ.

"ಶುರು ಮಾಡ್ರಿ ಬುದ್ಧಿ, ಮಸಿಯಾಕೂ ಬರಲ್ವಾ?"

"ಆಗಿನಿಂದ ಮಸೆಯುತ್ತಲೇ ಇದ್ದೇನಲ್ಲ."

"ಹೌದೇನು?" ಅವನು ತಡವರಿಸಿ ರೇಷ್ಮೆಯನ್ನು ಮುಟ್ಟಿ ನೋಡಿದ. ಆಮೇಲೆ ಕೈಯನ್ನು ಅಲ್ಲಿಯೇ ಇಟ್ಟುಕೊಂಡು ಮೆಲ್ಲಗೆ ಹೇಳಿದ: "ಸದ್ದೇ ಇಲ್ಲ ನೋಡ್ರಿ ಇದ್ರಾಗೆ. ಪಾಪ, ಅಮ್ಮಾರು ಒಳಗೆ ಏನು ಮಾಡ್ತಾವ್ರೋ ಅಂತ ನಂಗೂ ಒಂದು ದಿನಾನೂ ಕೇಳ್ಸಿರಲಿಲ್ಲ."