ದೊಡ್ಡಮ್ಮನಿಗೆ ಕಾವು ಬಂದದ್ದು

ಮೂವತ್ತೊಂದು ವರ್ಷ ಡಾಕ್ಟರೊಬ್ಬರ ಪಕ್ಕದಲ್ಲಿ ನಿಂತು ಔಷಧಿ ಅಳೆದುಕೊಟ್ಟವನಿಗೆ ಒಂದಲ್ಲ ಒಂದು ದಿನ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ತಾನೂ ಡಾಕ್ಟರೇ ಅನ್ನಿಸತೊಡಗುತ್ತದೆ. ನನಗೆ ಅದು ಹತ್ತನೇ ವರ್ಷಕ್ಕೇ ಅಂಟಿತ್ತು. ಬೀದಿಯವರು ನನ್ನನ್ನು ‘ಅರ್ಧ ಡಾಕ್ಟ್ರು’ ಎನ್ನುತ್ತಿದ್ದರು. ಅದು ಗೇಲಿ ಎಂದು ಹೆಂಡತಿ ಎಷ್ಟು ಸಲ ಬಿಡಿಸಿ ಹೇಳಿದರೂ ನಾನದನ್ನು ಗೌರವವೆಂದೇ ತೆಗೆದುಕೊಂಡಿದ್ದೆ.

ನಮ್ಮ ಡಾಕ್ಟರ ಕೋಣೆಗೂ ನನ್ನ ಜಾಗಕ್ಕೂ ನಡುವೆ ಒಂದು ಹಲಗೆಯ ಗೋಡೆ, ಅದರಲ್ಲಿ ಕೈ ತೂರುವಷ್ಟು ಕಿಂಡಿ. ಡಾಕ್ಟರು ಬರೆದ ಚೀಟಿ ಆ ಕಿಂಡಿಯಿಂದ ಬರುತ್ತಿತ್ತು, ನಾನು ಬೆರೆಸಿದ ಔಷಧಿ ಅದೇ ಕಿಂಡಿಯಿಂದ ಹೋಗುತ್ತಿತ್ತು. ಸೀಸೆಯ ಹೊರಮೈಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕುವುದು ನನ್ನ ಕೆಲಸ. ಒಂದು ಕಚ್ಚು ಒಂದು ಹೊತ್ತಿನ ಔಷಧಿ. ಓದು ಬಾರದವರೂ ಬೆರಳಿಟ್ಟು ಲೆಕ್ಕ ಹಿಡಿಯುತ್ತಿದ್ದರು. ನನ್ನ ಕಚ್ಚು ಕೂದಲೆಳೆಯಷ್ಟೂ ತಪ್ಪಿದ್ದಿಲ್ಲ. ಜೀವನದಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳಲು ನನಗಿರುವುದು ಇದೊಂದೇ ಆದ್ದರಿಂದ ಕೇಳದವರಿಗೂ ಹೇಳುತ್ತೇನೆ.

ನನ್ನ ಕೈಯ ಔಷಧಿ ಕುಡಿಯದವಳು ಇಡೀ ಬೀದಿಯಲ್ಲಿ ಒಬ್ಬಳೇ ಇದ್ದಳು. ಅವಳು ನನ್ನ ಒಡಹುಟ್ಟಿದ ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಪ್ಪ ಅಮ್ಮ ಬೇಗ ಹೋದರು. ಅವಳು ಹೊಲಿಗೆ ಯಂತ್ರ ತುಳಿದು ನನ್ನನ್ನು ಓದಿಸಿದಳು. ತಮ್ಮ ಡಾಕ್ಟರಾಗಬೇಕೆಂಬುದು ಅವಳ ಆಸೆ. ತಮ್ಮ ಎರಡು ಸಲ ಡುಮ್ಕಿ ಹೊಡೆದು ಹಲಗೆಗೋಡೆಯ ಈಚೆ ಬದಿಗೆ ಬಂದು ನಿಂತ. ಅಕ್ಕ ಒಂದು ಮಾತೂ ಆಡಲಿಲ್ಲ. ಆದರೆ ಹುಷಾರಿಲ್ಲದಾಗ ಡಾಕ್ಟರಿಂದ ಚೀಟಿ ಬರೆಸಿಕೊಂಡು, ನನ್ನ ಕಿಂಡಿಯ ಮುಂದೆಯೇ ಹಾದು, ಎದುರಿನ ಮೆಡಿಕಲ್ ಅಂಗಡಿಗೆ ಹೋಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಮೂವತ್ತೊಂದು ವರ್ಷವೂ ಹೀಗೇ. ಅವಳು ಬೈದಿದ್ದರೆ ಮರೆತುಬಿಡುತ್ತಿದ್ದೆ. ಇದನ್ನು ಮರೆಯಲಾಗಲಿಲ್ಲ.

ಹಾಗಾಗಿ, ಮಂಡಿಯ ಆಪರೇಷನ್ನಿಗೆಂದು ಆರು ವಾರ ಮಗಳ ಮನೆಗೆ ಹೊರಟ ಅಕ್ಕ ತನ್ನ ಟರ್ಕಿ ಕೋಳಿಯನ್ನು ನನಗೆ ಒಪ್ಪಿಸಿದಾಗ ನನಗೆ ಕೊಂಬು ಬಂದಂತಾಯಿತು. ಅಕ್ಕ ನನ್ನ ಕೈಗೆ ಕೊಟ್ಟ ಮೊದಲ ಜೀವ ಅದು. ಅವಳ ಮನೆ ನಮ್ಮ ಮನೆಯ ಬೆನ್ನಿಗೇ ಇದೆ, ನಡುವೆ ಸೊಂಟದೆತ್ತರದ ಗೋಡೆ. ಹಿತ್ತಿಲಲ್ಲಿ ಒಂದು ಜೋಡಿ ಟರ್ಕಿ ಸಾಕಿಕೊಂಡಿದ್ದಳು. ಗಂಡನ್ನು ಒಂದು ವಾರದ ಹಿಂದೆಯಷ್ಟೇ ನಾಯಿ ಹಿಡಿದಿತ್ತು. ಉಳಿದ ಹೆಣ್ಣಿಗೆ, ಅದು ಗತ್ತಿನಿಂದ ಕತ್ತು ಆಡಿಸುತ್ತ ನಡೆಯುವುದನ್ನು ನೋಡಿ, ಬೀದಿಯವರೆಲ್ಲ ‘ದೊಡ್ಡಮ್ಮ’ ಎಂದು ಹೆಸರಿಟ್ಟಿದ್ದರು.

ಆಟೋ ಹತ್ತುವ ಮುಂಚೆ ಅಕ್ಕ ಹೇಳಿದ್ದು ಇಷ್ಟೇ: “ಇದಕ್ಕೆ ಕಾವು ಬರೋ ಹಾಗಿದೆ. ಬಂದ್ರೆ ನೋಡ್ಕೊ. ಮೊಟ್ಟೆ ಹೊಟ್ಟಿನ ಬುಟ್ಟೀಲಿದೆ. ಇನ್ನು ಗಂಡಿಲ್ಲ, ಇವೇ ಕೊನೇವು.”

ನೀನು ನಿಶ್ಚಿಂತೆಯಿಂದ ಹೋಗು, ಕಾವು ನೋಡಿ ನೋಡಿಯೇ ನನ್ನ ತಲೆ ನರೆತಿದೆ ಎಂದೆ. ನಿಜವೇ. ಮಗುವಿಗೆ ಮೈಯೆಲ್ಲ ಕಾವು, ಯಜಮಾನರಿಗೆ ಕಾವು ಇಳಿದೇ ಇಲ್ಲ, ಅನ್ನುವ ಮಾತುಗಳ ನಡುವೆಯೇ ನಾನು ಮುದುಕನಾದವನು. ಕಾವು ಎಂದರೆ ಜ್ವರ. ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ಶಾಲೆಯಲ್ಲಿ ಓದಿದ್ದೆನೋ ಏನೋ, ಮೂವತ್ತೊಂದು ವರ್ಷದ ಕೆಮ್ಮು ನೆಗಡಿಯಲ್ಲಿ ಅದು ಕೊಚ್ಚಿಕೊಂಡು ಹೋಗಿತ್ತು.

ನಾಲ್ಕನೇ ದಿನ ದೊಡ್ಡಮ್ಮ ಗೂಡಿನ ಮೂಲೆಗೆ ಸೇರಿ ಪುಕ್ಕ ಕೆದರಿಕೊಂಡು ಕುಳಿತಿತು. ಕಾಳು ಹಾಕಿದರೆ ಏಳಲಿಲ್ಲ. ಕೈ ಹತ್ತಿರ ಒಯ್ದರೆ ಬುಸ್ಸೆಂದಿತು. ಅಕ್ಕ ಹೇಳಿದ್ದು ಬಂದೇಬಿಟ್ಟಿತು ಎಂದುಕೊಂಡು ಹಳೆಯ ಪೆಟ್ಟಿಗೆಯಿಂದ ಥರ್ಮಾಮೀಟರ್ ತೆಗೆದು, ಕೊಡವಿ, ಅದರ ರೆಕ್ಕೆಯ ಸಂದಿಗೆ ಇಟ್ಟು ಎರಡು ನಿಮಿಷ ಹಿಡಿದುಕೊಂಡೆ. ಅಷ್ಟರಲ್ಲಿ ಅದು ನನ್ನ ಮೊಣಕೈಯನ್ನು ಆರು ಸಲ ಕುಕ್ಕಿತು. ಪಾದರಸ ನೂರ ಐದಕ್ಕೆ ನಿಂತಿತ್ತು. ನೂರ ಐದರಲ್ಲಿ ಮನುಷ್ಯ ಹಾಸಿಗೆಯಲ್ಲಿ ಬಡಬಡಿಸುತ್ತಾನೆ, ಇದು ಪಾಪ ಬುಸ್ಸೆನ್ನುತ್ತಿದೆ ಎಂದುಕೊಂಡೆ.

ಆಮೇಲೆ ನಾನು ಮಾಡಿದ್ದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ದೊಡ್ಡಮ್ಮನನ್ನು ಎತ್ತಿ ತಂದು ನಮ್ಮ ಸ್ನಾನದ ಮನೆಯಲ್ಲಿ ಬಕೆಟ್ಟಿನ ತಣ್ಣೀರಿಗೆ ಕುತ್ತಿಗೆಯವರೆಗೆ ಇಳಿಸಿದೆ. ತಲೆಗೆ ಒದ್ದೆ ಬಟ್ಟೆ ಸುತ್ತಿದೆ. ದಿನಕ್ಕೆ ಮೂರು ಸಲದಂತೆ ನಾಲ್ಕು ದಿನ. ಪ್ರತಿ ಸಲವೂ ಥರ್ಮಾಮೀಟರ್ ನೂರ ಐದನ್ನೇ ತೋರಿಸಿತು. ನಾನು ಅದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಬರೆದಿಟ್ಟೆ. ನಿಮ್ಮ ಪೇಷಂಟು ಒಳಗಿದ್ದರೆ ನಾವು ಸ್ನಾನ ಎಲ್ಲಿ ಮಾಡುವುದು ಎಂದು ಹೆಂಡತಿ ಕೇಳಿದಳು. ‘ದೊಡ್ಡಮ್ಮನಿಗೆ ಜ್ವರ’ ಎಂದು ಅವಳು ಯಾರಿಗೋ ಅಂದದ್ದು ಕಿವಿಯಿಂದ ಕಿವಿಗೆ ಹೋಗಿ, ಪಕ್ಕದ ಬೀದಿಯ ಇಬ್ಬರು ಹೆಂಗಸರು ನಮ್ಮ ಮನೆಗೆ ಬಂದ ಹಿರಿಯರನ್ನು ನೋಡಲೆಂದು ಹಣ್ಣು ಹಿಡಿದುಕೊಂಡು ಬಂದರು. ನಾನು ಗಂಭೀರವಾಗಿ, ಈಗ ಯಾರನ್ನೂ ನೋಡುವ ಸ್ಥಿತಿಯಲ್ಲಿಲ್ಲ ಎಂದು ಕಳಿಸಿದೆ. ಹಣ್ಣು ಇಟ್ಟುಕೊಂಡೆ.

ಐದನೇ ದಿನ ದೊಡ್ಡಮ್ಮನ ಮೂಗಿನಲ್ಲಿ ನೀರು ಸುರಿಯತೊಡಗಿತು. ಕಣ್ಣಿನ ಕೆಳಗೆ ಒಂದು ಕಡೆ ನಿಂಬೆಕಾಯಿ ಗಾತ್ರಕ್ಕೆ ಊದಿಕೊಂಡಿತು. ಬುಸ್ಸೆನ್ನುವುದೂ ನಿಂತಿತು. ಆ ಮೌನಕ್ಕೆ ನಾನು ಹೆದರಿದೆ. ಗೋಣಿಚೀಲದಲ್ಲಿ ಸುತ್ತಿ, ಎದೆಗವಚಿಕೊಂಡು, ದನದ ಆಸ್ಪತ್ರೆಗೆ ಓಡಿದೆ.

ಅಲ್ಲಿಯ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಮೊದಲು ಏನಾಗಿತ್ತು ಎಂದು ಕೇಳಿದಳು. ನಾನು ನನ್ನ ಭಾಷೆಯಲ್ಲಿ ವರದಿ ಒಪ್ಪಿಸಿದೆ. ಕಾವು ಬಂದಿತ್ತು, ನೂರ ಐದು, ತಣ್ಣೀರು, ದಿನಕ್ಕೆ ಮೂರು ಹೊತ್ತು.

ಅವಳು ಪೆನ್ನು ಕೆಳಗಿಟ್ಟಳು. “ಯಜಮಾನ್ರೇ, ಕೋಳಿಗೆ ನೂರ ಐದು ಅಂದ್ರೆ ಆರೋಗ್ಯ. ಕಾವು ಬರೋದು ಅಂದ್ರೆ ಮರಿ ಮಾಡೋಕೆ ಕೂರೋದು. ಅದು ಮೊಟ್ಟೆ ಕೇಳ್ತಿತ್ತು. ನೀವು ಬಕೆಟ್ಟಲ್ಲಿ ಅದ್ದಿದ್ರಿ.”

ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಬಾಗಿಲ ಬಳಿ ಎಮ್ಮೆ ಹಿಡಿದು ನಿಂತಿದ್ದವನು ಆ ಕಷ್ಟ ತೆಗೆದುಕೊಳ್ಳಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕನ ಮಾತಿನ ಎರಡು ತುಂಡುಗಳು, ಕಾವು ಮತ್ತು ಬುಟ್ಟಿ, ಆಗ ಒಂದಕ್ಕೊಂದು ಕೂಡಿಕೊಂಡವು. ಬಂದರೆ ನೋಡಿಕೋ ಎಂದರೆ ಮೊಟ್ಟೆ ಇಟ್ಟು ಕೂರಿಸು ಎಂದರ್ಥ. ಕೊನೆಯ ಮೊಟ್ಟೆಗಳು, ಆಗಲೇ ಹದಿನೈದು ದಿನ ಹಳೆಯವು.

ಡಾಕ್ಟರಮ್ಮ ಪುಡಿ ಬರೆದುಕೊಟ್ಟಳು. ಇದು ನೆಗಡಿ ಊತ, ಬೆಚ್ಚಗಿನ ಒಣ ಜಾಗದಲ್ಲಿಡಿ, ಇನ್ನು ಇದು ಮೊಟ್ಟೆಯ ಮೇಲೆ ಕೂರುವ ಮಾತಿಲ್ಲ, ಇವತ್ತೇ ಕಾವಿಗೆ ಬಂದ ಬೇರೆ ಕೋಳಿ ಹುಡುಕಿ ಎಂದಳು. ಬೀದಿಯ ತುದಿಯ ಮೊಟ್ಟೆಯಮ್ಮ ಮನೆ ಮನೆಗೆ ಮೊಟ್ಟೆ ಮಾರುವವಳು. ಅವಳ ಹತ್ತಿರ ಕಾವಿಗೆ ಬಂದ ಒಂದು ಕರಿ ಹೇಂಟೆ ಇತ್ತು. ನಾನು ಕಥೆಯನ್ನೆಲ್ಲ ಹೇಳಿ ಮುಗಿಸುವವರೆಗೂ ಅವಳು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಆಮೇಲೆ ಅಂದಳು: “ಹೇಂಟೆ ನಂದು, ಮರಿ ನಿಮ್ಮಕ್ಕಂದು, ತಪ್ಪು ನಿಮ್ದು. ಒಪ್ಪಿಗೆನಾ?” ಒಪ್ಪಿದೆ.

ಹೇಂಟೆ ಅಕ್ಕನ ಗೂಡು ಸೇರಿತು. ಬುಟ್ಟಿಯ ಏಳು ಮೊಟ್ಟೆಗಳ ಮೇಲೆ ಕುಳಿತಾಗ, ದೊಡ್ಡ ಹಾಸಿಗೆಯ ಮೇಲೆ ಚಿಕ್ಕ ದಿಂಬು ಇಟ್ಟಂತೆ ಕಾಣುತ್ತಿತ್ತು. ಎರಡು ಬದಿಯಿಂದಲೂ ಮೊಟ್ಟೆ ಇಣುಕುತ್ತಿತ್ತು. ಅದು ಕೊಕ್ಕಿನಿಂದ ಒಂದೊಂದನ್ನೇ ಒಳಗೆ ಎಳೆದುಕೊಂಡು, ರೆಕ್ಕೆ ಅಗಲಿಸಿ, ಹೇಗೋ ಹೊಂದಿಸಿಕೊಂಡಿತು.

ಇತ್ತ ದೊಡ್ಡಮ್ಮ ನಮ್ಮ ಉಗ್ರಾಣದಲ್ಲಿ, ಗೋಣಿಚೀಲದ ಮೇಲೆ. ಪುಡಿಯನ್ನು ನೀರಿಗೆ ಕಲಸಿ ಸೀಸೆಗೆ ಹಾಕಿದೆ. ಪೆಟ್ಟಿಗೆಯಿಂದ ಅಂಟು, ಕತ್ತರಿ, ಬಿಳಿ ಕಾಗದ ತೆಗೆದೆ. ಕೆಲಸ ಬಿಟ್ಟ ಹತ್ತು ವರ್ಷದ ನಂತರ ಮತ್ತೆ ಪಟ್ಟಿ ಅಂಟಿಸಿ ಕಚ್ಚು ಹಾಕಿದೆ. ದಿನಕ್ಕೆ ಮೂರು ಕಚ್ಚು. ಡ್ರಾಪರಿನಿಂದ ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಬಿಟ್ಟು, ಉಗುಳದ ಹಾಗೆ ಗಂಟಲು ಸವರುವುದು. ಹಟ ಮಾಡುವ ಮಕ್ಕಳಿಗೆ ಕುಡಿಸಿ ಪಳಗಿದ ಕೈ. ಬಿಸಿನೀರಿನ ಬಟ್ಟೆಯಿಂದ ಕಣ್ಣು ಮೂಗು ಒರೆಸುವಾಗ ಅದು ನನ್ನನ್ನೇ ದಿಟ್ಟಿಸುತ್ತಿತ್ತು. ನಾನು ದೃಷ್ಟಿ ತಪ್ಪಿಸುತ್ತಿದ್ದೆ.

ಅಕ್ಕ ದಿನವೂ ಮಧ್ಯಾಹ್ನ ಫೋನು ಮಾಡುತ್ತಿದ್ದಳು. ಮಂಡಿಯ ಮಾತು ಎರಡು ನಿಮಿಷ, ಆಮೇಲೆ ದೊಡ್ಡಮ್ಮ ಹೇಗಿದೆ ಎಂಬ ಪ್ರಶ್ನೆ. ಚೆನ್ನಾಗಿದೆ, ಕಾವಿಗೆ ಕೂತಿದೆ ಎಂದು ಹೇಳುತ್ತಿದ್ದೆ. ಹೆಂಡತಿ ಅಲ್ಲೇ ಕುಳಿತು, ಯಾರು ಕೂತಿರೋದು ಅಂತಾನೂ ಹೇಳಿ ಎಂದು ಪಿಸುಗುಟ್ಟುತ್ತಿದ್ದಳು. ನನ್ನ ಬಾಯಿಗೆ ಬೀಗ ಬಿದ್ದಿತ್ತು. ಜೀವಮಾನಕ್ಕೆ ಒಂದೇ ಒಂದು ಪೇಷಂಟು ಕೊಟ್ಟ ಅಕ್ಕನಿಗೆ, ನಾನದನ್ನು ಬಕೆಟ್ಟಿನಲ್ಲಿ ಮುಳುಗಿಸಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಮರಿಗಳಾದರೂ ಹೊರಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ದಿನ ಎಣಿಸುತ್ತ ಕೂತೆ.

ಇಪ್ಪತ್ತೊಂದನೇ ದಿನ ಮರಿ ಬರುತ್ತದೆ ಎಂದು ಮೊಟ್ಟೆಯಮ್ಮ ಹೇಳಿದ್ದಳು. ಅಷ್ಟರಲ್ಲಿ ದೊಡ್ಡಮ್ಮನ ಊತ ಇಳಿದು ಅದು ಉಗ್ರಾಣದಲ್ಲಿ ಗತ್ತಿನಿಂದ ಓಡಾಡತೊಡಗಿತ್ತು. ಆದರೆ ಇಪ್ಪತ್ತೊಂದೂ ಹೋಯಿತು, ಇಪ್ಪತ್ತೆರಡೂ ಹೋಯಿತು. ಮೊಟ್ಟೆ ಕಿವಿಗಿಟ್ಟುಕೊಂಡು ಕೇಳಿದರೆ ಸದ್ದಿಲ್ಲ. ಇಪ್ಪತ್ತಮೂರನೇ ದಿನ ಮೊಟ್ಟೆಯಮ್ಮ ಬಂದು ನೋಡಿ, ಕೆಟ್ಟಿವೆ ಬಿಡಿ, ಹಳೇ ಮೊಟ್ಟೆ ಎಂದಳು. ಹೇಂಟೆಯ ಕೈಲಿ ಕುಕ್ಕಿಸಿಕೊಂಡು ಏಳನ್ನೂ ಬುಟ್ಟಿಗೆ ಎತ್ತಿಕೊಂಡೆ. ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡಲು ಗುದ್ದಲಿ ತೆಗೆದೆ. ಆಗ ಫೋನು ಬಂತು.

ನನಗೆ ತಡೆಯಲಾಗಲಿಲ್ಲ. ಥರ್ಮಾಮೀಟರಿನಿಂದ ಹಿಡಿದು ಗುದ್ದಲಿಯವರೆಗೆ ಎಲ್ಲ ಹೇಳಿಬಿಟ್ಟೆ. ನಿನ್ನ ಕೊನೆಯ ಮೊಟ್ಟೆಗಳನ್ನು ನಾನೇ ಹಾಳು ಮಾಡಿದೆ ಎಂದೂ ಒಪ್ಪಿಕೊಂಡೆ.

“ಬುಟ್ಟಿ ಎಲ್ಲಿದೆ ಈಗ?” ಅಕ್ಕ ಕೇಳಿದಳು.

“ಕೈಯಲ್ಲಿ.”

“ವಾಪಸ್ ಇಡು. ಇಪ್ಪತ್ತೊಂದು ಊರಕೋಳಿಗೆ. ಟರ್ಕಿಗೆ ಇಪ್ಪತ್ತೆಂಟು.” ಫೋನು ಇಟ್ಟಳು.

ಆ ಬಳಿಕ ಐದು ದಿನ ಅವಳ ಫೋನಿಲ್ಲ. ನಾನು ಮಾಡಿದರೆ ಮಗಳು ಎತ್ತಿ, ಅಮ್ಮ ಮಲಗಿದ್ದಾಳೆ ಮಾವ ಎನ್ನುತ್ತಿದ್ದಳು. ನನ್ನ ಊಟದ ರುಚಿ ಹೋಯಿತು. ಇಪ್ಪತ್ತೇಳನೇ ದಿನ ಬೆಳಿಗ್ಗೆ ಒಂದು ಮೊಟ್ಟೆಯಲ್ಲಿ ಸೂಜಿ ಚುಚ್ಚಿದಷ್ಟು ಬಿರುಕು ಕಾಣಿಸಿತು. ಒಳಗಿಂದ ಕೀಚೆನ್ನುವ ಸದ್ದು ಬಂತು. ನಾನು ಗೂಡಿನ ಮುಂದೆ ಮೊಣಕಾಲೂರಿ ಕುಳಿತವನು ಮಧ್ಯಾಹ್ನದವರೆಗೆ ಏಳಲಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಐದು ಮರಿ. ಎರಡು ಮೊಟ್ಟೆ ಒಡೆಯಲೇ ಇಲ್ಲ. ಉದ್ದ ಕಾಲಿನ ಆ ಪೆದ್ದುಗಳಿಗೆ ಕಾಳು ತಿನ್ನುವುದೇ ತಿಳಿಯದು. ಹೇಂಟೆ ನೆಲಕ್ಕೆ ಕುಕ್ಕಿ ಕುಕ್ಕಿ ತೋರಿಸಿ ಬೇಸತ್ತಿತು. ಅದರ ಕಷ್ಟ ನೋಡಿ ನನಗೆ ನನ್ನನ್ನು ಓದಿಸಿದವಳ ನೆನಪಾಯಿತು.

ಮರಿಗಳಿಗೆ ಎಂಟು ದಿನವಾದಾಗ ಅಕ್ಕ ಆಟೋದಿಂದ ಇಳಿದಳು. ಕೋಲೂರಿಕೊಂಡು ನೇರ ಹಿತ್ತಿಲಿಗೆ ನಡೆದಳು. ಮರಿಗಳನ್ನು ಎಣಿಸಿದಳು. ಗೋಡೆಯಾಚೆ ನಮ್ಮ ಹಿತ್ತಿಲಲ್ಲಿ ಓಡಾಡುತ್ತಿದ್ದ ದೊಡ್ಡಮ್ಮನನ್ನು ನೋಡಿದಳು. ನಾನು ಶಾಲೆಯಲ್ಲಿ ಡುಮ್ಕಿ ಹೊಡೆದ ದಿನ ನಿಂತಂತೆಯೇ ನಿಂತಿದ್ದೆ. ಅವಳು ಕಲ್ಲಿನ ಕಟ್ಟೆಯ ಮೇಲೆ ಕುಳಿತು, “ಕುತ್ತಿಗೆವರೆಗೂ ಅದ್ದಿದ್ಯಾ?” ಎಂದು ಕೇಳಿ, ನಗಲು ಶುರು ಮಾಡಿದಳು. ಮಂಡಿ ನೋಯುವವರೆಗೂ ನಕ್ಕಳು. ಐದು ದಿನ ಫೋನು ಎತ್ತದೇ ಇದ್ದದ್ದೂ ಇದಕ್ಕೇ ಎಂದಳು. ನನ್ನ ದನಿ ಕೇಳಿದರೆ ನಗು ಬಂದು ಮಂಡಿಯ ಹೊಲಿಗೆ ಎಳೆಯುತ್ತಿತ್ತಂತೆ.

ಆಮೇಲೆ ಉಗ್ರಾಣದ ಕಿಟಕಿಯಲ್ಲಿದ್ದ ಸೀಸೆ ಬೇಕೆಂದಳು. ಹೆಂಡತಿ ತಂದುಕೊಟ್ಟಳು. ಅಕ್ಕ ಅದನ್ನು ಬೆಳಕಿಗೆ ಹಿಡಿದು, ಕಾಗದದ ಪಟ್ಟಿಯ ಮೇಲೆ ಬೆರಳಾಡಿಸಿ, ಒಂದೊಂದೇ ಕಚ್ಚು ಮುಟ್ಟಿದಳು. ತನ್ನ ಚೀಲದಿಂದ ಮಂಡಿನೋವಿನ ಔಷಧಿಯ ದೊಡ್ಡ ಸೀಸೆ ತೆಗೆದು ನನ್ನ ಮುಂದಿಟ್ಟಳು.

“ಇದಕ್ಕೂ ಹಾಕಿಕೊಡು. ಬಕೆಟ್ ಮಾತ್ರ ಬೇಡ.”

ಮೂವತ್ತೊಂದು ವರ್ಷ ಒಳಗಿಟ್ಟುಕೊಂಡದ್ದು ಆಗ ಬಾಯಿಗೆ ಬಂತು. ಇಷ್ಟು ದಿನ ಯಾಕೆ ನನ್ನ ಕಿಂಡಿಗೆ ಬರಲಿಲ್ಲ ಎಂದು ಕೇಳಿಬಿಟ್ಟೆ.

ಅಕ್ಕ ಮರಿಗಳ ಕಡೆ ನೋಡುತ್ತಲೇ ಹೇಳಿದಳು: “ನನಗೆ ಹುಷಾರಿಲ್ಲ ಅಂದ್ರೆ ನಿನ್ನ ಕೈ ನಡುಗ್ತದೆ ಕಣೋ. ಚಿಕ್ಕಂದಿನಿಂದ ನೋಡಿದೀನಿ. ಬೇರೆಯವರ ಎದುರಿಗೆ ನಡುಗೋದು ಬೇಡ ಅಂತ ಆ ಕಡೆ ಹೋಗ್ತಿದ್ದೆ.”

ಅಂಟು, ಕತ್ತರಿ ತಂದು ಅವಳ ಪಕ್ಕದಲ್ಲೇ ಕುಳಿತೆ. ಆ ದಿನ ಹಾಕಿದ ಕಚ್ಚುಗಳು ಒಂದೂ ನೆಟ್ಟಗಿಲ್ಲ. ಅಕ್ಕ ಈಗಲೂ ಅದೇ ಸೀಸೆಗೆ ಔಷಧಿ ತುಂಬಿಸಿಕೊಂಡು, ಆ ಸೊಟ್ಟ ಕಚ್ಚಿನ ಲೆಕ್ಕಕ್ಕೇ ಕುಡಿಯುತ್ತಾಳೆ.