ಮುಚ್ಚಿಹೋಗದ ಚಾನೆಲ್ಲು

ಸಿನಿಮಾದ ಬಗ್ಗೆ ಮಾತಾಡುವ ಹಕ್ಕು ಉಳಿದವರಿಗಿಂತ ನನಗೆ ಒಂದು ಕೈ ಹೆಚ್ಚೇ ಇದೆ ಎಂದು ಬಹಳ ಕಾಲ ನಂಬಿದ್ದೆ. ಹುಣಸೂರಿನ ಟಾಕೀಸೊಂದರಲ್ಲಿ ಟಿಕೆಟ್ ಕಿಂಡಿಯ ಹಿಂದೆ ಕೂತು ಅರ್ಧ ಆಯುಸ್ಸು ಕಳೆದವನು ನಾನು. ನಿಜ ಹೇಳಬೇಕೆಂದರೆ, ಅಲ್ಲಿ ಒಂದು ಸಿನಿಮಾದ ಆರಂಭವನ್ನೂ ನಾನು ನೋಡಲಿಲ್ಲ. ಕಲೆಕ್ಷನ್ ಒಪ್ಪಿಸಿ ಒಳಗೆ ಹೋಗುವ ಹೊತ್ತಿಗೆ ನಾಯಕನ ತಂದೆ ಸತ್ತಿರುತ್ತಿದ್ದ. ಯಾರು ಕೊಂದರು ಎಂದು ಗೇಟಿನವನನ್ನು ಕೇಳಿ ತಿಳಿದುಕೊಳ್ಳುತ್ತಿದ್ದೆ. ಆದರೂ ಈಗಿನ ಸಿನಿಮಾಗಳಿಗೆ ತಲೆಬುಡವಿಲ್ಲ ಎಂದು ನಮ್ಮೂರು ಬಿಳಿಕೆರೆಯ ಹೋಟೆಲಿನಲ್ಲಿ ಕೂತು ತೀರ್ಪು ಕೊಡುತ್ತಿದ್ದೆ. ಕೇಳುವವರಿಗೂ ಬೇರೆ ಕೆಲಸವಿರಲಿಲ್ಲ.

ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ. ಹಾರನಹಳ್ಳಿ ಕಡೆಗೆ ಕೊಟ್ಟಿದ್ದ ಅವಳು ಗಂಡ ತೀರಿದ ಮೇಲೆ ನನ್ನ ಬಳಿಗೇ ಬಂದಳು. ನನಗೆ ಮದುವೆ ಕೂಡಿಬರಲಿಲ್ಲ. ಸಂಜೆ ರಾಗಿ ಹಿಟ್ಟು ಬೇಯಿಸಿ ಮುಚ್ಚಿಟ್ಟು ಅಕ್ಕ ಟೀವಿ ಮುಂದೆ ಕೂರುತ್ತಿದ್ದದ್ದು ಒಂದೇ ಕಾರ್ಯಕ್ರಮಕ್ಕೆ. ಗಂಡಸರು ಸೀರೆ ಉಟ್ಟು ಸೊಂಟ ತಿರುಗಿಸುವ, ಒಬ್ಬರ ಬೆನ್ನಿಗೊಬ್ಬರು ಗುದ್ದುವ ಹಾಸ್ಯ. ಮುಂದೆ ಕುರ್ಚಿಯಲ್ಲಿ ಕೂತ ದೊಡ್ಡವರು ನಮಗಿಂತ ಮೊದಲೇ ನಕ್ಕು, ಎಲ್ಲಿ ನಗಬೇಕೆಂದು ತೋರಿಸಿಕೊಡುತ್ತಾರೆ. ನನಗೆ ಅದರಲ್ಲಿ ನಗು ಬಂದದ್ದು ಇಲ್ಲ. ಈಗಲೂ ಬರುವುದಿಲ್ಲ. ಅಕ್ಕ ಮಾತ್ರ, ಸದ್ದೇ ಇಲ್ಲದೆ ಭುಜ ಕುಣಿಸುತ್ತ ಶುರು ಮಾಡಿ, ಕೊನೆಗೆ ನೆಲ ಬಡಿದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ನಗು ಕೇಳಿದರೆ ನನ್ನನ್ನೇ ಯಾರೋ ಹೊರಗಿಟ್ಟಂತೆ ಆಗುತ್ತಿತ್ತು.

ಈಗ ಚಾನೆಲ್ಲುಗಳನ್ನು ಬಿಡಿಬಿಡಿಯಾಗಿ ಕೇಳಿ ಹಾಕಿಸಿಕೊಳ್ಳಬಹುದು, ಬೇಡವಾದದ್ದನ್ನು ತೆಗೆಸಲೂಬಹುದು. ಆ ತಿಂಗಳು ಕೇಬಲಿನವನು ಬಂದಾಗ, ಈ ಒಂದನ್ನು ತೆಗೆದುಬಿಡು ಎಂದೆ. ಉಳಿದ ಹಣಕ್ಕೆ ಸಂತೆಯಲ್ಲಿ ಒಂದೆರಡು ಕಟ್ಟು ಸೊಪ್ಪು ಬಂದೀತು, ಅಷ್ಟೇ. ಟಿಕೆಟ್ ಹರಿದು ಬದುಕಿದವನಿಗೆ ಇನ್ನೊಬ್ಬರ ನಗುವಿಗೆ ಕಾಸು ಕೊಡುವುದು ಭಾರವಾಯಿತು. ಅಕ್ಕ ಕೇಳಿದಾಗ, ಆ ಚಾನೆಲ್ ಮುಚ್ಚಿಹೋಯಿತು ಎಂದುಬಿಟ್ಟೆ. ಕೇಬಲಿನವನಿಗೂ ಹಾಗೇ ಹೇಳು ಎಂದು ಕಣ್ಣು ಮಿಟುಕಿಸಿದೆ.

ಅಕ್ಕ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು, "ಅಂಗಾದ್ರೆ ಆ ಸೀರೆ ಉಡ್ತಿದ್ದೋನು ಈಗ ಒಟ್ಟೆಗೆ ಏನ್ಮಾಡ್ತಾನ್ಲಾ?" ಎಂದಳು.

ನಾನು ಟೀವಿಯ ಸದ್ದು ಜಾಸ್ತಿ ಮಾಡಿದೆ.

ಆಮೇಲೆ ತಿಂಗಳು ತಿಂಗಳೂ ಕೇಬಲಿನವನನ್ನು ಬಾಗಿಲಲ್ಲೇ ನಿಲ್ಲಿಸಿ, ಆ ಹಾಸ್ಯದ ಮಕ್ಕಳಿಗೆ ಬೇರೆ ಕಡೆ ಏನಾದರೂ ಕೆಲಸ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದಳು. ಅವನು ನನ್ನ ಮುಖ ನೋಡಿ, ಇನ್ನೂ ಗೊತ್ತಿಲ್ಲ ಕಣವ್ವ ಎಂದು ಹೋಗುತ್ತಿದ್ದ.

ಈ ನಡುವೆ ಅಕ್ಕನ ತುಟಿ ಬೆಳ್ಳಗಾಗಿದ್ದದ್ದು ಕಣ್ಣಿಗೆ ಬಿತ್ತು. ಮದುವೆಯಾದಾಗಿನಿಂದ ಎಲೆಯಡಿಕೆ ಬಿಟ್ಟವಳಲ್ಲ ಅವಳು. ಗೂಡಿನಲ್ಲಿದ್ದ ಡಬ್ಬಿಯ ಸುಣ್ಣ ಒಣಗಿ ಬಿರುಕುಬಿಟ್ಟಿತ್ತು. ಹಲ್ಲು ನೋವೇನೋ ಎಂದು ಕೇಳಿದೆ.

"ಅಲ್ ನೋವೂ ಇಲ್ಲ ಏನೂ ಇಲ್ಲ. ಮಾರಮ್ಮಂಗೆ ಏಳ್ಕೊಂಡಿವ್ನಿ. ಆ ಮಕ್ಳಿಗೆ ಎಲ್ಲಾರಾ ಒಂದ್ ಕೆಲ್ಸ ಸಿಗಾಗಂಟ ಬಾಯ್ಗೆ ಎಲೆ ಆಕಲ್ಲ."

ಟೀವಿಯವರಿಗೆಲ್ಲ ಯಾರಾದರೂ ಹರಕೆ ಹೊರುತ್ತಾರೆಯೇ ಎಂದು ನಗಲು ಹೋದೆ.

"ನಿನ್ ಟಾಕೀಸ್ ಮುಚ್ದಾಗ್ಲೂ ಎಲೆ ಬುಟ್ಟಿದ್ದೆ ಕಣ್ಲಾ. ನಿಂಗೆ ಗೊತ್ತಾಗ್ನಿಲ್ಲ," ಎಂದಳು.

ಟಾಕೀಸು ಮುಚ್ಚಿದ ವರ್ಷ ನನಗೆ ನೆನಪಿದೆ. ಎಲ್ಲೂ ಕೆಲಸ ಸಿಗದೆ, ಅವಳ ಗಂಡನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ತಟ್ಟೆ ತಂದಿಡುತ್ತಿದ್ದಳು, ತೆಗೆದುಕೊಂಡು ಹೋಗುತ್ತಿದ್ದಳು. ಅವಳ ತುಟಿ ಕೆಂಪಗಿತ್ತೋ ಬೆಳ್ಳಗಿತ್ತೋ ನಾನು ನೋಡಿರಲೇ ಇಲ್ಲ. ಮುಚ್ಚಿಹೋಯಿತು ಎಂಬ ಮಾತು ಅವಳ ಕಿವಿಗೆ ಹೇಗೆ ಬಿದ್ದಿರಬಹುದು ಎಂಬುದು ನನಗೆ ಆಗ ಹೊಳೆಯಿತು.

ಮಾರನೆಯ ದಿನ ಬಸ್ಸು ಹತ್ತಿ ಹುಣಸೂರಿಗೆ ಹೋಗಿ, ಕೇಬಲಿನವನ ಅಂಗಡಿಯಲ್ಲೇ ನಿಂತು ಚಾನೆಲ್ ಹಾಕಿಸಿದೆ. ಸಂಜೆ ಸೀರೆಯವನು ಮತ್ತೆ ಬಂದ. ಅಕ್ಕ ಎದ್ದು ನಿಂತೇ ನೋಡಿದಳು. ನಗಲಿಲ್ಲ, ಕೈ ಮುಗಿದಳು. ಆಮೇಲೆ ಅಡುಗೆಮನೆಗೆ ಹೋಗಿ ಕಾಯಿ ಹುಡುಕತೊಡಗಿದಳು. ಮಾರಮ್ಮನಿಗೆ ಬೆಳಿಗ್ಗೆಯೇ ಒಡೆಸಬೇಕಂತೆ.

ಸುಮ್ಮನಿದ್ದಿದ್ದರೆ ಎಲ್ಲ ಕೀರ್ತಿಯೂ ಮಾರಮ್ಮನ ಪಾಲಿಗೆ ಹೋಗುತ್ತಿತ್ತು. ಸುಮ್ಮನಿರೋಣವೆಂದೇ ಇದ್ದೆ. ಆದರೆ ಅವಳು ಕಾಯಿಯ ಜುಟ್ಟು ಬಿಟ್ಟು ನಾರು ಸುಲಿಯುತ್ತಾ ಕೂತಿದ್ದನ್ನು ನೋಡಲಾಗಲಿಲ್ಲ. ಎದುರಿಗೆ ಕೂತು ಹೇಳಿಬಿಟ್ಟೆ. ಮುಚ್ಚಿರಲಿಲ್ಲ ಅಕ್ಕ, ನಾನೇ ತೆಗೆಸಿದ್ದೆ ಎಂದೆ.

ಅವಳ ಕೈ ನಿಂತಿತು. "ಅಂಗಾದ್ರೆ ಅವ್ರು ಉಪಾಸ ಬಿದ್ದಿರ್ನಿಲ್ವಾ?"

ಇಲ್ಲ ಎಂದೆ.

"ಸದ್ಯ," ಎಂದಳು. ನಾರನ್ನು ಒಟ್ಟುಮಾಡಿ ಒಲೆಯ ಪಕ್ಕಕ್ಕಿಟ್ಟಳು. "ಎಲೆ ಬುಟ್ಟೋಳು ನಾನೊಬ್ಳೇ ಅನ್ನು."

ಬೆಳಿಗ್ಗೆ ಕಾಯಿ ಒಡೆಸಿಕೊಂಡು ಬಂದಳು. ಎಲೆ ಹಾಕಿಕೊಂಡಳು. ಚಾನೆಲ್ಲಿನ ದುಡ್ಡನ್ನು ಈಗ ನಾನೇ ಮೊದಲು ತೆಗೆದಿಡುತ್ತೇನೆ.

ಆದರೆ ಆ ಕಾರ್ಯಕ್ರಮ ಬಂದಾಗ ಅಕ್ಕ ನನ್ನ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ನೆಲ ಬಡಿಯುವುದಿಲ್ಲ. ಹಾಗಲ್ಲ, ಮೊದಲಿನಂತೆ ನಗು ಎಂದು ಯಾರಿಗಾದರೂ ಹೇಳಲಾದೀತೇ? ಆ ಹೊತ್ತಿಗೆ ನಾನು ಎದ್ದು ಜಗಲಿಗೆ ಬಂದು ಕೂರುತ್ತೇನೆ, ಬಾಗಿಲನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಮೈಸೂರು ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿರುತ್ತವೆ. ನಡುವೆ ಬಸ್ಸಿನ ಸದ್ದು ನಿಂತಾಗ ಒಳಕ್ಕೆ ಕಿವಿಗೊಡುತ್ತೇನೆ. ಮೊನ್ನೆ ಒಳಗೆ ನೆಲಕ್ಕೆ ಏನೋ ಬಡಿದಂತಾಯಿತು. ಅಂಗೈಯೋ, ಕೈತಪ್ಪಿ ಬಿದ್ದ ರಿಮೋಟೋ ತಿಳಿಯಲಿಲ್ಲ. ಎದ್ದು ಹೋಗಿ ನೋಡಲಿಲ್ಲ.